ಹೋಗಲು ಎರಡು ಗಂಟೆ, ಬರಲು ಐದು ಗಂಟೆ?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರ ಮಗಳು ದುಬೈಯಲ್ಲಿ ಇದ್ದಾಳೆ. ಮಗಳ ಬಾಣಂತನಕ್ಕೆ ಅಕ್ಕ ಹೊರಟರು. ಮಂಗಳೂರಿನಿಂದ ವಿಮಾನ. ಟಿಕೆಟನ್ನು ಅವರೇ ಓದಿದರು. ಓದಿ ನನ್ನ ಹತ್ತಿರ ಬಂದರು.

"ಟೀಚರೇ, ಇದೆಂತ? ಹೋಗುವಾಗ ಬೆಳಿಗ್ಗೆ 8ಕ್ಕೆ ಹೊರಟು 10ಕ್ಕೆ ಮುಟ್ಟುತ್ತದೆ. ಎರಡೇ ಗಂಟೆ. ಬರುವಾಗ 11ಕ್ಕೆ ಹೊರಟು ಸಂಜೆ 4ಕ್ಕೆ. ಐದು ಗಂಟೆ! ಬರುವಾಗ ವಿಮಾನ ಸುತ್ತು ಬಳಸಿ ಬರ್ತದಾ?"

ಇಲ್ಲ. ದಾರಿ ಒಂದೇ. ಮಂಗಳೂರಿನಿಂದ ದುಬೈಗೆ ಆಕಾಶದಲ್ಲಿ ಸುಮಾರು 2,450 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಅಂಥ ಏಳು ದಾರಿ ಸೇರಿಸಿದಷ್ಟು ದೂರ! ಕೆಳಗೆ ಬಹುಪಾಲು ಅರಬ್ಬೀ ಸಮುದ್ರ. ವಿಮಾನ ಗಂಟೆಗೆ ಸುಮಾರು 800 ಕಿಲೋಮೀಟರ್ ಹಾರುತ್ತದೆ. ಏರುವಾಗ, ಇಳಿಯುವಾಗ ನಿಧಾನ. ಎಲ್ಲ ಸೇರಿ ಸುಮಾರು ಮೂರೂವರೆ ಗಂಟೆ. ಗಾಳಿ ಇದಿರಾದರೆ ಸ್ವಲ್ಪ ಹೆಚ್ಚು.

ಈ ನೇರ ವಿಮಾನ ಬಂದದ್ದು 2006ರಲ್ಲಿ. ಹಿಂದಿನವರು ಮುಂಬಯಿಗೆ ಹೋಗಿ ಹಡಗು ಹತ್ತುತ್ತಿದ್ದರು. ದಿನಗಟ್ಟಲೆ ನೀರಿನ ಮೇಲೆ!

ಹಾಗಾದರೆ ಟಿಕೆಟಿನಲ್ಲಿ ಯಾಕೆ ಹಾಗೆ? ಭೂಮಿ ಬುಗುರಿಯ ಹಾಗೆ ತಿರುಗುತ್ತದೆ. ಪೂರ್ವದಲ್ಲಿರುವ ನಮಗೆ ಸೂರ್ಯ ಮೊದಲು ಕಾಣುತ್ತಾನೆ. ಪಶ್ಚಿಮದ ದುಬೈಗೆ ಆಮೇಲೆ. ಆದ್ದರಿಂದ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟಿನಲ್ಲಿ ಹೊರಡುವ ಊರಿಗೆ ಆ ಊರಿನ ಗಂಟೆ, ಮುಟ್ಟುವ ಊರಿಗೆ ಆ ಊರಿನ ಗಂಟೆ ಬರೆಯುತ್ತಾರೆ.

ಈಗ ಲೆಕ್ಕ ಮಾಡಿ. 8ಕ್ಕೆ ಹೊರಟರೆ, ಮೂರೂವರೆ ಗಂಟೆ ಕೂಡಿಸಿ. ನಮ್ಮಲ್ಲಿ ಹನ್ನೊಂದೂವರೆ. ಒಂದೂವರೆ ಕಳೆಯಿರಿ. ದುಬೈಯಲ್ಲಿ 10. ಬರುವಾಗ ಅಲ್ಲಿ 11 ಎಂದರೆ ಇಲ್ಲಿ ಹನ್ನೆರಡೂವರೆ. ಮೂರೂವರೆ ಕೂಡಿಸಿದರೆ ಸಂಜೆ 4. ಸರಿಯಾಯಿತಲ್ಲ?

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಎಷ್ಟೋ ವಿಮಾನಗಳು ನಡುರಾತ್ರಿ ಹೊರಡುತ್ತವೆ. ಟಿಕೆಟಿನಲ್ಲಿ "19ನೇ ತಾರೀಕು, 00.40" ಎಂದಿದ್ದರೆ ಏನು? ರಾತ್ರಿ 12 ಹೊಡೆದ ಕೂಡಲೇ ತಾರೀಕು ಬದಲಾಗುತ್ತದೆ. 00.40 ಎಂದರೆ ಹನ್ನೆರಡು ಗಂಟೆ ನಲವತ್ತು ನಿಮಿಷ. ಅಂದರೆ ನೀವು 18ರ ಸಂಜೆಯೇ ಮನೆ ಬಿಡಬೇಕು. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ನಮ್ಮ ಬೀದಿಯವರೊಬ್ಬರು 19ರ ರಾತ್ರಿ ಊಟ ಮುಗಿಸಿ, ಪೆಟ್ಟಿಗೆ ಹೊತ್ತು ಹೋದರು. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. ದುಡ್ಡೂ ಹೋಯಿತು. ಪಾಪ, ಅವರು ಓದಿದವರೇ!

ಟಿಕೆಟಿನಲ್ಲಿ 13, 18, 22 ಎಂದೆಲ್ಲ ಇದ್ದರೆ ಹೆದರಬೇಡಿ. 12 ಕಳೆಯಿರಿ. 18 ಎಂದರೆ ಸಂಜೆ 6.

ಹೊರಡುವ ದಿನ ಅಕ್ಕ ಟಿಕೆಟಿನ ಹಿಂದೆ ಪೆನ್ಸಿಲಿನಲ್ಲಿ ಏನೋ ಬರೆದಿದ್ದರು. ನನಗೂ ತೋರಿಸಿದರು. "ಅಲ್ಲಿ 8, ಮನೆಯಲ್ಲಿ 9.30. ಆಮೇಲೆ ಫೋನ್ ಮಾಡಬಾರದು. ಇವರು ಮಲಗಿರ್ತಾರೆ."