ಗಾಡಿ ನಿಂತಿತೇ? ಪಂಪಿಗೆ ಕೈ ಹಾಕಬೇಡಿ, ಮೊದಲು ಗಾಳಿ ಬಿಡಿ!

ಕೋಲಾರದ ಎಪಿಎಂಸಿಗೆ ಟೊಮೆಟೊ ಹೊತ್ತು ಹೊರಟ ಹಳೇ 407 ಗಾಡಿ ಬೆಳಗಿನ ಜಾವ ನಡುದಾರಿಯಲ್ಲಿ ಉಸಿರು ಕಟ್ಟಿ ನಿಂತಿತೆಂದರೆ ಹರಾಜು ತಪ್ಪಿತೆಂದೇ ಲೆಕ್ಕ. ರೈತನಿಗೆ ರೇಟು ಹೋಯಿತು, ಡ್ರೈವರಿಗೆ ಬಾಡಿಗೆ ಹೋಯಿತು, ಅಂಗಡಿ ಬಾಗಿಲು ತೆಗೆದು ಕೂತವರಿಗೆ ಮಾಲಿಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತೆ, ಆದರೆ ಸೈಲೆನ್ಸರಿನಲ್ಲಿ ಚೂರೂ ಹೊಗೆ ಇಲ್ಲ. ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ.

ಆಗ ಸುತ್ತ ನಿಂತವರಲ್ಲಿ ಒಬ್ಬರಾದರೂ ಹೇಳುವ ಮಾತು: 'ಪಂಪು ಹೋಗಿದೆ ಸ್ವಾಮಿ.' ಪಂಪು ಬಿಚ್ಚಿಸಿದರೆ ಸಾವಿರಗಟ್ಟಲೆ ಖರ್ಚು, ಎರಡು ದಿನ ಗಾಡಿ ಗ್ಯಾರೇಜಿನಲ್ಲಿ. ಹಳೇ ಡೀಸೆಲ್ ಲಾರಿ, ಜೀಪುಗಳಲ್ಲಿ ಪಂಪು ಅಷ್ಟು ಸುಲಭಕ್ಕೆ ಕೆಡುವ ಸಾಮಾನಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಆದರೂ ಹಳೇ ಡ್ರೈವರುಗಳ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ನಿಜವಾದ ಕಳ್ಳ ಬಹಳ ಸಲ ಪಂಪಿನ ಹಿಂದೆ, ಟ್ಯಾಂಕಿನಿಂದ ಬರುವ ದಾರಿಯಲ್ಲಿ ಇರುತ್ತಾನೆ. ಗಾಡಿ 'ಏರ್ ತಗೊಂಡಿರುತ್ತೆ', ಅಷ್ಟೇ.

ಇಲ್ಲೊಂದು ಸ್ವಾರಸ್ಯ ಇದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಹೀರಿಕೊಳ್ಳುವ ದಾರಿ. ಈ ಭಾಗದ ಹೋಸಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಡೀಸೆಲ್ ಹೊರಗೆ ಬರೋಲ್ಲ, ಗಾಳಿ ಒಳಗೆ ಹೋಗುತ್ತೆ. ಕೆಳಗೆ ಬಗ್ಗಿ ಹುಡುಕಿದವನಿಗೆ ತೊಟ್ಟೂ ಕಾಣದು. 'ಲೀಕೇನೂ ಇಲ್ಲ' ಅಂತ ಏಳುತ್ತಾನೆ. ಫೀಡ್ ಪಂಪು ದಾಟಿದ ಮೇಲೆ ಡೀಸೆಲನ್ನು ತಳ್ಳುವ ದಾರಿ, ಅಲ್ಲಿ ಸೋರಿದರೆ ಕಣ್ಣಿಗೆ ಕಾಣುತ್ತೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹಟ ಮಾಡಿ, ಒಮ್ಮೆ ಶುರುವಾದ ಮೇಲೆ ಸರಿಯಾಗಿ ಓಡಿದರೆ ಮೊದಲ ಅನುಮಾನ ಈ ಹೋಸು, ಕ್ಲಿಪ್ಪು, ತಾಮ್ರದ ವಾಷರುಗಳ ಮೇಲೆ ಇರಲಿ. ಸಂಶಯ ತೀರಬೇಕಾದರೆ ಫೀಡ್ ಪಂಪಿಗೆ ಬೇರೆ ಹೋಸು ಕೊಟ್ಟು, ಅದರ ಇನ್ನೊಂದು ತುದಿಯನ್ನು ಕ್ಯಾನಿನಲ್ಲಿಟ್ಟ ಡೀಸೆಲಿಗೆ ಇಳಿಬಿಡಿ. ಇಂಜಿನ್ ಚೆನ್ನಾಗಿ ಓಡಿತೇ? ಪಂಪು ನಿರಪರಾಧಿ.

ಟ್ಯಾಂಕಿನ ಮುಚ್ಚಳವನ್ನೂ ಮರೆಯಬೇಡಿ. ಗಾಳಿ ಆಡುವ ತೂತಿಗೆ ಧೂಳು ತುಂಬಿದ್ದರೆ, ಮುಚ್ಚಳ ತೆಗೆದಾಗ 'ಉಸ್' ಅನ್ನುತ್ತೆ, ಗಾಡಿ ಮತ್ತೆ ಓಡುತ್ತೆ. ಇದಕ್ಕೆ ಕಾಸೂ ಖರ್ಚಿಲ್ಲ.

ಗಾಳಿ ಬಿಡುವ ಕ್ರಮ ಹೀಗೆ. ಫಿಲ್ಟರಿನ ತಲೆಯ ಮೇಲಿನ ಬ್ಲೀಡಿಂಗ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಫೀಡ್ ಪಂಪಿನ ಗುಂಡಿಯನ್ನು ಕೈಯಿಂದ ಒತ್ತುತ್ತಾ ಹೋಗಬೇಕು (ಕೆಲವು ಜೀಪುಗಳಲ್ಲಿ ಗುಂಡಿ ಫಿಲ್ಟರಿನ ಮೇಲೇ ಇರುತ್ತೆ). ಮೊದಲು ನೊರೆ ಬರುತ್ತೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಆಮೇಲೆ ಪಂಪಿನ ಸ್ಕ್ರೂಗೂ ಅದೇ ಶಾಸ್ತ್ರ. ಇಷ್ಟಾದರೂ ಹತ್ತದಿದ್ದರೆ ನಾಝಲ್ ಪೈಪಿನ ಎರಡು ನಟ್ಟು ಅರ್ಧ ಸುತ್ತು ಸಡಿಲಿಸಿ, ಕೈ ದೂರವಿಟ್ಟು ಸೆಲ್ಫ್ ಹೊಡೆಯಿರಿ. ಡೀಸೆಲ್ ಜಿನುಗಿದೊಡನೆ ನಿಲ್ಲಿಸಿ ಬಿಗಿ ಮಾಡಿ. ಸೆಲ್ಫ್ ಒಂದೇ ಸಮನೆ ಹೊಡೆದರೆ ಬ್ಯಾಟರಿಯೂ ಹೋದೀತು. ಹತ್ತು ಸೆಕೆಂಡು ಹೊಡೆದು ಬಿಡುವು ಕೊಡಿ. ಅಂದಹಾಗೆ, ಬಸ್ಸು ಏರ್ ತಗೊಂಡು ನಿಂತಾಗ 'ಇಳಿದು ತಳ್ಳಿ' ಅಂದರೆ ಪ್ರಯಾಣಿಕರು ಬೆವರುತ್ತಾರೆಯೇ ಹೊರತು ಗಾಳಿ ಹೋಗುವುದಿಲ್ಲ.

ಫಿಲ್ಟರಿನ ಅಡಿಯ ನೀರನ್ನೂ ಆಗಾಗ ಬಿಡಬೇಕು. ನೀರು ಡೀಸೆಲಿಗಿಂತ ಭಾರ, ತಳದಲ್ಲೇ ಕೂರುತ್ತೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ಅದು ತಾನಾಗೇ ಕೂಡುತ್ತೆ, ಬಂಕಿನವರನ್ನೇ ಬೈಯಬೇಕಾಗಿಲ್ಲ.

ಸ್ವಂತ ರಿಪೇರಿಯ ಗಡಿ ಇಲ್ಲಿಗೆ ಮುಗಿಯಿತು. ಪಂಪಿನ ಸೀಲು ಒಡೆದು 'ಪಿಕಪ್ ಜಾಸ್ತಿ' ಮಾಡುವವರು ಕಪ್ಪು ಹೊಗೆಯನ್ನೂ ಡೀಸೆಲ್ ಖರ್ಚನ್ನೂ ಜಾಸ್ತಿ ಮಾಡುತ್ತಾರೆ. ಹೊಸ ಕಾಮನ್ ರೈಲ್ ಗಾಡಿಗಳಲ್ಲಂತೂ ಒತ್ತಡ ಸಾವಿರ ಬಾರ್ ದಾಟುತ್ತೆ, ಅವುಗಳ ಪೈಪಿನ ನಟ್ಟು ಮುಟ್ಟಲೇಬಾರದು.

ಹಳೇ ಗಾಡಿಯಲ್ಲೂ ನಾಝಲ್ ಸಿಂಪಡಿಸುವುದನ್ನು ಅಂಗೈ ಒಡ್ಡಿ ನೋಡುವ ಕೆಟ್ಟ ಚಾಳಿ ಕೆಲವರಿಗಿದೆ. ಆ ಎಳೆ ಚರ್ಮ ತೂರಿ ಒಳಗೆ ಹೋಗುತ್ತೆ. ಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಮೊದಮೊದಲು ನೋವೂ ಅಷ್ಟಿರೋಲ್ಲ. ಅರಿಶಿನ ಮೆತ್ತಿ ಮನೆಗೆ ಹೋದವನು ಬೆರಳನ್ನೇ ಕಳೆದುಕೊಳ್ಳಬಹುದು. ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಿ 'ಡೀಸೆಲ್ ಒಳಗೆ ಹೋಗಿದೆ' ಎಂದು ಬಾಯಿಬಿಟ್ಟು ಹೇಳಬೇಕು. ಪೈಪು ಬಾಯಿಗಿಟ್ಟು ಎಳೆಯುವುದೂ ಅಷ್ಟೇ ಅಪಾಯ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ನುಂಗಿದವನಿಗೆ ವಾಂತಿ ಮಾಡಿಸಬಾರದು.

ಪೆಟ್ರೋಲ್ ಜೀಪು ಇಟ್ಟವರಿಗೆ ಇನ್ನೊಂದು ಮಾತು. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಬೆರಕೆ ಶೇ. 20ಕ್ಕೆ ಮುಟ್ಟಿತು. ಹಳೇ ಕಾಲದ ರಬ್ಬರ್ ಹೋಸಿಗೆ ಇದು ಒಗ್ಗದು, ಮೆತ್ತಗಾಗಿ ಸೋರಬಹುದು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗತಿಯೇನು? ಎಥೆನಾಲಿಗೆ ತಡೆಯುವ ಹೋಸನ್ನೇ ಕೇಳಿ ಹಾಕಿಸಬೇಕು.

ಡೀಸೆಲ್ ಗಾಡಿಯವರು ಸೀಟಿನಡಿ ಒಂದು ಗಜ ಹೋಸು, ನಾಲ್ಕು ಕ್ಲಿಪ್ಪು, ಒಂದಿಷ್ಟು ತಾಮ್ರದ ವಾಷರು, 17-19ರ ಸ್ಪ್ಯಾನರು ಇಟ್ಟುಕೊಂಡಿರಲಿ. ವಾಷರು ಹೊಸದೇ ಆಗಿರಬೇಕು, ಒಮ್ಮೆ ಬಿಗಿದು ಚಪ್ಪಟೆಯಾದದ್ದು ಮತ್ತೆ ಏರ್ ಎಳೆಯುತ್ತೆ.