ಗುಂಡಿಗಿಳಿಯುವವನ ಉಸಿರು ಯಾರ ಹೊಣೆ?

ಅಂಗಳ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆಯೆಂದು ಪೂಜ್ಯಭಾವದಿಂದ ನೆನೆಯುವ ನಾವು, ಮನೆಯ ಶೌಚಗುಂಡಿ ತುಂಬಿದಾಗ ಮಾತ್ರ ಯಾರನ್ನೋ ಕರೆಸಿ ಒಳಗಿಳಿಸುತ್ತೇವೆ. ಕೂಲಿ ಕೊಟ್ಟೆವಲ್ಲ ಎಂಬ ಸಮಾಧಾನ ಬೇರೆ!

ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯೇ ಉಡುಗಿ ವಾಸನೆ ತಿಳಿಯದಾಗುತ್ತದೆ. ವಾಸನೆಯಿಲ್ಲವೆಂದು ನಂಬಿ ಇಳಿದವನು ಕೆಲವೇ ಉಸಿರುಗಳಲ್ಲಿ ಕುಸಿಯಬಹುದು. ಅವನನ್ನೆತ್ತಲು ಧಾವಿಸಿದವನೂ ಅಲ್ಲಿಯೇ ಉಳಿದ ಪ್ರಸಂಗಗಳು ಅನೇಕ.

ರಕ್ಷಣಾ ಸಾಧನಗಳನ್ನು ಒದಗಿಸದೆ, ಮುನ್ನೆಚ್ಚರಿಕೆಗಳನ್ನು ಪಾಲಿಸದೆ ಮನುಷ್ಯನನ್ನು ಇಂತಹ ಗುಂಡಿಗಿಳಿಸುವುದನ್ನು 2013ರ ಕೇಂದ್ರ ಕಾಯಿದೆಯು ನಿಷೇಧಿಸಿದೆ. ಇದು ನಗರಸಭೆಗೆ, ಗುತ್ತಿಗೆದಾರರಿಗೆ ಮಾತ್ರವೆಂಬುದು ಹಲವರ ಭಾವನೆ. ಹಾಗಲ್ಲ, ಕೆಲಸಕ್ಕೆ ಕರೆದ ಮನೆಯ ಯಜಮಾನನಿಗೂ, ಕಲ್ಯಾಣಮಂಟಪದ ಆಡಳಿತದವರಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೇ 2 ವರ್ಷಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ. ಆತನೇ ಒಪ್ಪಿ ಇಳಿದನೆನ್ನುವುದು, ಹಸಿದವನ ಒಪ್ಪಿಗೆ ಎಂತಹುದೆಂದು ಬಲ್ಲ ನಮಗೆ ಶೋಭಿಸದು. ಒಳಚರಂಡಿ ಸಾವುಗಳ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೇರಿಸಿತು.

ಗುಂಡಿ ತುಂಬುವ ಮೊದಲೇ ಹೀರುಯಂತ್ರದ ವಾಹನವನ್ನು ಗೊತ್ತುಮಾಡಿರಿ. ಎಲ್ಲಿಯಾದರೂ ಒಬ್ಬನು ಒಳಗೆ ಕುಸಿದುದನ್ನು ಕಂಡರೆ ತಾವು ಇಳಿಯದೆ, ಒಡನೆಯೇ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿರಿ.