ರೋಗದ ವೆಚ್ಚವೂ ವಿಮೆಯ ಗಣಿತವೂ

ಆರೋಗ್ಯವಿಮೆಯ ನವೀಕರಣದ ಕಾಲ ಬಂದಾಗ, ಕಳೆದ ವರ್ಷವಿಡೀ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಗೃಹಸ್ಥನು, ಪ್ರೀಮಿಯಂ ಮತ್ತೆ ಏರಿರುವುದನ್ನು ಕಂಡು, ಕಾಯಿಲೆ ಬೀಳದ ತಾನು ಹೆಚ್ಚು ಹಣ ತೆರಬೇಕಾದುದು ಯಾವ ನ್ಯಾಯವೆಂದು ಕೇಳುವುದು ಸಹಜವೇ ಆಗಿದೆ. ಈ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಆಕ್ಚುಯರಿ, ಎಂದರೆ ವಿಮಾಗಣಿತಜ್ಞ. ಜನಸಾಮಾನ್ಯರಿಗೆ ಅಷ್ಟಾಗಿ ಪರಿಚಿತನಲ್ಲದ ಈತನ ಲೆಕ್ಕಾಚಾರವೇ ನಾವು ತೆರುವ ಕಂತಿನ ಮೂಲವಾದುದರಿಂದ, ಆ ಲೆಕ್ಕದ ಮರ್ಮವನ್ನು ಸ್ವಲ್ಪಮಟ್ಟಿಗಾದರೂ ಅರಿಯುವುದು ಎಲ್ಲರಿಗೂ ಹಿತಕರ.

1693ರಷ್ಟು ಹಿಂದೆಯೇ ಖಗೋಳವಿಜ್ಞಾನಿ ಎಡ್ಮಂಡ್ ಹ್ಯಾಲಿ ಬ್ರೆಸ್ಲಾ ನಗರದ ಜನನಮರಣಗಳ ದಾಖಲೆಯಿಂದ ಆಯುಷ್ಯದ ಕೋಷ್ಟಕವೊಂದನ್ನು ರಚಿಸಿದನು. ಜೀವವಿಮೆಯ ಗಣಿತ ಅಂತಹ ಕೋಷ್ಟಕಗಳ ಆಧಾರದ ಮೇಲೆ ಬೆಳೆಯಿತು. ಮರಣವು ಒಮ್ಮೆಯೇ ಸಂಭವಿಸತಕ್ಕದ್ದು. ಆಗ ಕೊಡಬೇಕಾದ ಹಣವೂ ಮೊದಲೇ ನಿಶ್ಚಿತವಾದದ್ದು. ರೋಗದ ಸ್ವಭಾವವಾದರೋ ಬೇರೆ. ಅದು ಒಬ್ಬನಿಗೆ ವರ್ಷದಲ್ಲಿ ಮೂರು ಸಲ ಬಂದೀತು, ಇನ್ನೊಬ್ಬನಿಗೆ ದಶಕದಲ್ಲಿ ಒಮ್ಮೆಯೂ ಬಾರದಿದ್ದೀತು. ಬಂದಾಗ ತಗಲುವ ವೆಚ್ಚವೂ ಊರು, ಆಸ್ಪತ್ರೆ, ವೈದ್ಯ, ಉಪಕರಣಗಳಿಗೆ ಅನುಸಾರವಾಗಿ ಬದಲಾಗುತ್ತಲೇ ಇರುತ್ತದೆ. ಆದಕಾರಣ ಆರೋಗ್ಯವಿಮೆಯ ಲೆಕ್ಕ ಜೀವವಿಮೆಯ ಲೆಕ್ಕಕ್ಕಿಂತ ಚಂಚಲವಾದುದು.

ನಿದರ್ಶನಕ್ಕಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. 1,000 ಜನರ ಒಂದು ಸಮೂಹದಲ್ಲಿ ವರ್ಷಕ್ಕೆ 60 ಜನ ಆಸ್ಪತ್ರೆ ಸೇರುತ್ತಾರೆ, ಸರಾಸರಿ ಬಿಲ್ಲು 50,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು 30 ಲಕ್ಷ, ತಲೆಗೆ 3,000. ಮರುವರ್ಷ ಸರಾಸರಿ ಬಿಲ್ಲು ನೂರಕ್ಕೆ 12ರಷ್ಟು ಏರಿ 56,000 ಆಯಿತು, ಆಸ್ಪತ್ರೆ ಸೇರಿದವರು 70 ಜನರಾದರು. ಈಗ ಒಟ್ಟು 39 ಲಕ್ಷದ 20 ಸಾವಿರ, ತಲೆಗೆ 3,920. ಬಿಡಿಬಿಡಿಯಾಗಿ ನೋಡಿದರೆ ಮಿತವಾಗಿ ಕಾಣುವ ಎರಡು ಏರಿಕೆಗಳು ಗುಣಿತಗೊಂಡು, ಸಂಸ್ಥೆಯ ಖರ್ಚನ್ನೂ ಅನಿರೀಕ್ಷಿತಕ್ಕೆ ಇಡಬೇಕಾದ ಮೀಸಲನ್ನೂ ಸೇರಿಸುವ ಮೊದಲೇ, ಕಂತನ್ನು ನೂರಕ್ಕೆ 30ಕ್ಕೂ ಮೇಲಕ್ಕೆ ಒಯ್ದವು. ಕಾಯಿಲೆ ಬೀಳದವನ ಕಂತು ಏರಿದ್ದು ಹೀಗೆ.

ವೆಚ್ಚದ ಏರಿಕೆಗೆ ಕಾರಣಗಳು ಹಲವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕ್ಯಾನ್ಸರುಗಳಂತಹ ದೀರ್ಘಕಾಲಿಕ ವ್ಯಾಧಿಗಳು ಹೆಚ್ಚಿವೆ, ಆಯುಷ್ಯ ನೀಳವಾಗಿದೆ, ಹೊಸ ಔಷಧಗಳೂ ಯಂತ್ರಗಳೂ ಪ್ರಾಣವನ್ನು ಉಳಿಸುತ್ತವೆಯಾದರೂ ದುಬಾರಿಯಾಗಿವೆ. ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಾರಣ ಇನ್ನೊಂದುಂಟು: ಬಿಲ್ಲು ತೆರುವವನು ಮೂರನೆಯವನಾದಾಗ, ಈ ಪರೀಕ್ಷೆ ಅಗತ್ಯವೇ ಎಂದು ರೋಗಿಯೂ ಕೇಳುವುದಿಲ್ಲ, ಆಸ್ಪತ್ರೆಯೂ ಯೋಚಿಸುವುದಿಲ್ಲ. ಆ ಔದಾಸೀನ್ಯದ ಬೆಲೆ ಮರುವರ್ಷ ಎಲ್ಲರ ಕಂತಿನಲ್ಲಿ ಹಂಚಿಹೋಗುತ್ತದೆ.

ಗಣಿತಜ್ಞನ ಇನ್ನೊಂದು ಭೀತಿ, ಕಾಯಿಲೆ ತಲೆದೋರಿದ ಮೇಲೆಯೇ ಜನ ವಿಮೆಗೆ ಧಾವಿಸುವುದು. ರೋಗಿಗಳೇ ಸೇರುತ್ತ ಆರೋಗ್ಯವಂತರು ದೂರ ಸರಿಯುತ್ತ ಹೋದರೆ ಕಂತು ಏರುತ್ತದೆ; ಏರಿದ ಕಂತು ಮತ್ತಷ್ಟು ಆರೋಗ್ಯವಂತರನ್ನು ಹೊರದೂಡುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು ವಿಧಿಸಿರುವುದು ಇದಕ್ಕಾಗಿಯೇ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಈ ಅವಧಿಯ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. 2025ರಲ್ಲಿ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ನೂರಕ್ಕೆ 10ಕ್ಕಿಂತ ಹೆಚ್ಚಿಸಬೇಕಾದರೆ ತನ್ನೊಡನೆ ಮೊದಲೇ ಸಮಾಲೋಚಿಸಬೇಕೆಂದು ವಿಧಿಸಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯವಿಮೆಯ ಮೇಲಿದ್ದ ನೂರಕ್ಕೆ 18ರ ಜಿಎಸ್‌ಟಿ ರದ್ದಾಯಿತು. ಇವೆಲ್ಲವೂ ಕರುಣೆಯ ಕ್ರಮಗಳೇ. ಆದರೆ ಸಮೂಹ ವಿಸ್ತಾರವಾಗದೆ ಕರುಣೆಗೆ ಆಧಾರವಿಲ್ಲ.

ಸಮೂಹದ ಈ ಬಲವನ್ನು ನಮ್ಮ ನಾಡೇ ತೋರಿಸಿಕೊಟ್ಟಿದೆ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡು 2003ರಲ್ಲಿ ಕಾರ್ಯಾರಂಭಿಸಿದ ಯಶಸ್ವಿನಿ ಯೋಜನೆಯು, ಸಹಕಾರ ಸಂಘಗಳ ರೈತಸದಸ್ಯರಿಂದ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವಂತಿಗೆ ಪಡೆದು, ಸರ್ಕಾರದ ನೆರವನ್ನೂ ಕೂಡಿಸಿಕೊಂಡು, ಶಸ್ತ್ರಚಿಕಿತ್ಸೆಯ ಭಾರವನ್ನು ಹೊತ್ತಿತು. ಸಂಘದ ಮೂಲಕ ರೋಗಿಯೂ ನಿರೋಗಿಯೂ ಒಟ್ಟಿಗೆ ಸೇರಿದರು. ಚಿಕಿತ್ಸೆಯ ದರಗಳು ಆಸ್ಪತ್ರೆಗಳೊಡನೆ ಮೊದಲೇ ನಿಶ್ಚಯವಾಗಿದ್ದವು. 2018ರಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾದ ಯಶಸ್ವಿನಿಯನ್ನು 2022-23ರಲ್ಲಿ ಪುನರುಜ್ಜೀವನಗೊಳಿಸಬೇಕಾಗಿ ಬಂದುದೇ ಅದರ ಉಪಯುಕ್ತತೆಗೆ ಸಾಕ್ಷಿ.

ಖಾಸಗಿ ವಿಮೆ ಕೊಳ್ಳುವವರು ಪಾಲಿಸಿಯಲ್ಲಿ ಮೊದಲು ನೋಡಬೇಕಾದುದು ಕೊಠಡಿ ಬಾಡಿಗೆಯ ಮಿತಿಯನ್ನು. ದಿನಕ್ಕೆ 3,000 ರೂಪಾಯಿಯ ಮಿತಿಯಿರುವವನು 6,000ದ ಕೊಠಡಿ ಹಿಡಿದರೆ, ಬಾಡಿಗೆಯ ವ್ಯತ್ಯಾಸವನ್ನಷ್ಟೇ ತೆತ್ತು ಪಾರಾಗುವಂತಿಲ್ಲ. ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕಗಳಿಗೆ ವಿಮೆ ಕೊಡುವ ಹಣವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಔಷಧ ಮತ್ತು ರೋಗಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಅನ್ವಯಿಸದೆಂಬ ನಿಯಮವಿರುವುದು ಸ್ವಲ್ಪ ಸಮಾಧಾನದ ಸಂಗತಿ.

ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ, ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ತೆರುವ ಪಾಲು 2013-14ರಲ್ಲಿ ನೂರಕ್ಕೆ 64.2 ಇದ್ದದ್ದು 2021-22ರಲ್ಲಿ 39.4ಕ್ಕೆ ಇಳಿದಿದೆ. ಇದು ಸಂತೋಷಕರ, ಸಾಲದು. ವಿಮೆಯು ರೋಗದ ವೆಚ್ಚವನ್ನು ಹಂಚಬಲ್ಲುದೇ ಹೊರತು ಇಳಿಸಲಾರದು. ಇಳಿಸತಕ್ಕದ್ದು ಬಲವಾದ ಪ್ರಾಥಮಿಕ ಆರೋಗ್ಯ ಕೇಂದ್ರ, ಸಕಾಲದ ತಪಾಸಣೆ ಮತ್ತು ನ್ಯಾಯವಾದ ದರ. ಇವನ್ನು ಸರ್ಕಾರದಿಂದಲೂ ಆಸ್ಪತ್ರೆಗಳಿಂದಲೂ ನಾವು ಕೇಳಬೇಕು. ನಮ್ಮ ಪಾಲಿನ ಕರ್ತವ್ಯವಾಗಿ, ದೇಹ ಸ್ವಸ್ಥವಾಗಿರುವಾಗಲೇ ವಿಮೆಗೆ ಸೇರಬೇಕು, ಇರುವ ಕಾಯಿಲೆಯನ್ನು ಮುಚ್ಚಿಡದೆ ಅರ್ಜಿಯಲ್ಲಿ ತಿಳಿಸಬೇಕು, ನವೀಕರಣವನ್ನು ತಪ್ಪಿಸಕೂಡದು.